ಮೊದಲ ಸೂಜಿಗೆ ಮುಂಚೆ ಒಂದು ಹಾಳೆ ಕೊಡಿಸಿ: ಆರೋಗ್ಯ ಸಚಿವರಿಗೆ ಟೈಲರ್ ಒಬ್ಬಳ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಅಕ್ಯುಪಂಕ್ಚರ್ (ಮೈಗೆ ಸಣ್ಣ ಸೂಜಿ ಚುಚ್ಚಿ ಮಾಡುವ) ಚಿಕಿತ್ಸೆಗೆ ಮೊದಲ ಸಲ ಹೋಗುವವರಿಗೆ ಸರಿಯಾದ ಮಾಹಿತಿ ಕೊಡಿಸುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಬಯಲುಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ಬಟ್ಟೆ ಹೊಲಿದು ಬದುಕುವವಳು. 27 ವರ್ಷದಿಂದ ಇದೇ ಕೆಲಸ. ರವಿಕೆ, ಸೀರೆಗೆ ಫಾಲ್, ಜೂನ್ ಬಂತೆಂದರೆ ಸ್ಕೂಲ್ ಯೂನಿಫಾರ್ಮ್. ಸೂಜಿ ಅಂದರೆ ನನಗೆ ಭಯ ಇಲ್ಲ. ಬೆರಳಿಗೆ ಒಂದು ಸಲವೂ ಚುಚ್ಚಿಕೊಳ್ಳದ ದಿನ ಅಂದರೆ ಅವತ್ತು ಅಂಗಡಿಗೆ ರಜಾ ಅಂತಲೇ ಅರ್ಥ.

ಬಗ್ಗಿ ಹೊಲಿದೂ ಹೊಲಿದೂ ನನ್ನ ಕತ್ತು, ಬಲ ಹೆಗಲು ಎರಡೂ ಹೋದವು. ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು, ಮೂಳೆ ಸವೆದಿದೆ ಅಂದರು, ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ನೋವು ಕಮ್ಮಿ, ಹೊಟ್ಟೆ ಉರಿ ಜಾಸ್ತಿ. ಆಷಾಢದಲ್ಲಿ ಹೇಗೂ ಮದುವೆ ಬಟ್ಟೆ ಬರುವುದಿಲ್ಲ, ಕೈ ಖಾಲಿ ಇರುತ್ತದೆ. ಆಗ ಓಣಿಯವರು ಹೇಳಿದರು, ಹೊಸದಾಗಿ ಒಂದು ಸೂಜಿ ಚಿಕಿತ್ಸೆ ಸೆಂಟರ್ ಬಂದಿದೆ, ಹೋಗಿ ನೋಡು ಅಂತ. ಹೋದೆ.

ಮೊಬೈಲ್ ಅಂಗಡಿ ಮೇಲಿನ ಒಂದು ರೂಮು. ಹಳದಿ ಬೋರ್ಡ್, ಅದರ ಮೇಲೆ ಕೆಂಪಕ್ಷರ: ‘ಎಲ್ಲ ಕಾಯಿಲೆಗೂ ಪರಿಹಾರ, ಔಷಧಿ ಇಲ್ಲ, ಸೈಡ್ ಎಫೆಕ್ಟ್ ಇಲ್ಲ’. ಒಳಗೆ ಗಾಜಿನ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟ್. ಕಣ್ಣು ಕಿರಿದು ಮಾಡಿ ಓದಿದೆ. ಆರು ದಿನದ ತರಬೇತಿ. ರವಿಕೆಗೆ ಕಂಕುಳ ಕಟ್ ಮಾಡುವುದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿದಿತ್ತು. ಆಗಲೇ ಎದ್ದು ಬರಬೇಕಿತ್ತು, ಬರಲಿಲ್ಲ. ನೋವಿರುವವರಿಗೆ ಅಷ್ಟು ಬುದ್ಧಿ ಓಡುವುದಿಲ್ಲ ನೋಡಿ.

15 ಸಿಟ್ಟಿಂಗ್ ಆಗಬೇಕು ಅಂತ ಮೊದಲೇ 6,000 ರೂಪಾಯಿ ಫೋನ್‌ನಲ್ಲಿ ಹಾಕಿಸಿಕೊಂಡರು. ರಸೀದಿ ಕೇಳಿದೆ. “ನಿಮ್ಮ ಫೋನ್‌ನಲ್ಲೇ ಇದೆಯಲ್ಲಮ್ಮಾ” ಅಂದರು. ಬಿ.ಪಿ. ಇದೆಯಾ, ಶುಗರ್ ಇದೆಯಾ, ಯಾವ ಮಾತ್ರೆ ತಗೊಳ್ತೀರಿ, ಬೆಳಿಗ್ಗೆ ತಿಂಡಿ ತಿಂದಿದ್ದೀರಾ, ಒಂದನ್ನೂ ಕೇಳಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಸ್ಟೀಲ್ ಬಟ್ಟಲಿನಲ್ಲಿ ಬಿಡಿ ಸೂಜಿಗಳು ಬಿದ್ದಿದ್ದವು. ಒಂದೊಂದನ್ನೇ ಎತ್ತಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ, ಕತ್ತಿಗೂ ಹೆಗಲಿಗೂ ಹಾಕಿದರು.

ಇಲ್ಲಿ ನನ್ನ ಕಸುಬಿನ ಮಾತು ಹೇಳಲೇಬೇಕು. ರೇಷ್ಮೆ ಬಟ್ಟೆಗೆ ಮೊಂಡು ಸೂಜಿ ಹಾಕಿದರೆ ಅದು ತೂರುವುದಿಲ್ಲ. ನೂಲನ್ನು ಎಳೆದುಕೊಂಡು ಹೋಗುತ್ತದೆ. ಕೈಗೆ ಅದು ಗೊತ್ತಾಗುತ್ತದೆ. ಅವತ್ತು ಮೂರನೇ ಸೂಜಿ ಒಳಗೆ ಹೋಗುವಾಗ ನನ್ನ ಚರ್ಮಕ್ಕೂ ಹಾಗೇ ಆಯಿತು. ಎಳೆಯಿತು. ಅದು ಎಷ್ಟೋ ಜನರ ಮೈ ಹೊಕ್ಕು ಬಂದ ಸೂಜಿ ಅಂತ ನನಗೆ ಆಗಲೇ ಅನ್ನಿಸಿತು. “ಹೊಸದಲ್ವಾ ಇದು?” ಅಂದೆ. “ಸ್ಟೆರಿಲೈಸ್ ಮಾಡಿದ್ದು” ಅಂದರು. ಸ್ವಲ್ಪ ಹೊತ್ತಿಗೆ ಬೆವರು ಕಿತ್ತುಕೊಂಡು ಬಂತು, ಕಿವಿ ಗುಂಯ್ ಅಂದಿತು, ಕುರ್ಚಿಯಿಂದ ಜಾರಿದೆ. ಎಚ್ಚರ ಆದಾಗ ಮುಖದ ಮೇಲೆ ನೀರು ಚಿಮುಕಿಸುತ್ತಿದ್ದರು. ಸೂಜಿಗಳು ಇನ್ನೂ ಮೈಯಲ್ಲೇ ಇದ್ದವು.

ಆಮೇಲೆ ಗಡಿಬಿಡಿಯಲ್ಲಿ ಕಿತ್ತರು, ಎಣಿಸಲಿಲ್ಲ. ಸಂಜೆ ತಲೆ ಬಾಚಲು ಬಂದ ನನ್ನ ಮಗಳು ಕತ್ತಿನ ಹಿಂದೆ, ಕೂದಲ ಬುಡದಲ್ಲಿ ಇನ್ನೂ ಚುಚ್ಚಿಕೊಂಡಿದ್ದ ಒಂದು ಸೂಜಿ ತೆಗೆದಳು. ಅವಳು ನರ್ಸಿಂಗ್ ಓದಿದವಳು. ಅವಳ ಮುಖ ಹೋದ ರೀತಿ ನೋಡಿಯೇ ನನಗೆ ನಿಜವಾದ ಭಯ ಶುರುವಾಗಿದ್ದು. ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರಕ್ಕೂ ರಕ್ತ ಪರೀಕ್ಷೆ ಮಾಡಿಸಿದಳು. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದಳು. ಏನೂ ಇರಲಿಲ್ಲ, ದೇವರು ದೊಡ್ಡವನು. ಆದರೆ ಆ ಮೂರು ತಿಂಗಳು ನಾನು ಮೊಮ್ಮಗುವಿಗೆ ಬಾಯಿಂದ ಮುತ್ತು ಕೊಟ್ಟಿಲ್ಲ. ಹಾಗೆಲ್ಲ ಹರಡುವುದಿಲ್ಲ ಅಮ್ಮಾ ಅಂತ ಮಗಳು ಎಷ್ಟು ಹೇಳಿದರೂ ಮನಸ್ಸು ಕೇಳಬೇಕಲ್ಲ.

ನನ್ನದೊಂದೇ ಕಥೆಯಾಗಿದ್ದರೆ ಸುಮ್ನೆ ಇರುತ್ತಿದ್ದೆ. ನಮ್ಮ ಓಣಿಯ ಒಬ್ಬ ಅಜ್ಜಿ ಹೃದಯದ ವಾಲ್ವ್ ಬದಲಾಯಿಸಿಕೊಂಡವರು. ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ತಗೊಳ್ತಾರೆ. ಅವರೂ ಮಂಡಿ ನೋವಿಗೆ ಅಲ್ಲಿಗೇ ಹೋದರು. ಅವರನ್ನೂ ಯಾರೂ ಏನೂ ಕೇಳಲಿಲ್ಲ. ಮರುದಿನ ಅವರ ಮಂಡಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಎರಡು ವಾರ ಬೇಕಾಯಿತು ಇಳಿಯಲು. ಇನ್ನೊಬ್ಬರು, ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದವರು, ಶುಗರ್ ಮಾತ್ರೆ ಬಗ್ಗೆ ಕೇಳಿದರು. “ಹದಿನೈದು ದಿನ ಬಿಟ್ಟು ನೋಡಿ, ಸೂಜಿನೇ ಸಾಕು” ಅಂದಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆ ಮನುಷ್ಯ ನಿಲ್ಲಿಸಿದರೋ ಇಲ್ಲವೋ ಗೊತ್ತಿಲ್ಲ. ಈಗಲೂ ರಾತ್ರಿ ಒಮ್ಮೊಮ್ಮೆ ನೆನಪಾಗುತ್ತಾರೆ.

ದೂರು ಕೊಡಲು ಹೊರಟೆ. ಒಂದು ಕಚೇರಿಯಲ್ಲಿ “ಇದು ನಮ್ಮದಲ್ಲ” ಅಂದರು. ಅವರು ಹೇಳಿದ ಇನ್ನೊಂದು ಕಚೇರಿಗೆ ಹೋದೆ. ಅಲ್ಲಿಯೂ “ಇದು ನಮ್ಮದಲ್ಲ” ಅಂದರು. ಮೂರನೇ ಕಡೆ ಒಬ್ಬರು ಸ್ವಲ್ಪ ಕರುಣೆಯಿಂದ, “ಬೇಡ ಬಿಡಮ್ಮಾ, ಜೀವಕ್ಕೇನೂ ಆಗಲಿಲ್ಲವಲ್ಲ” ಅಂದರು.

ಮಾನ್ಯರೇ, ಇಷ್ಟೆಲ್ಲ ಓದಿ ತಾವು ನನ್ನನ್ನು ಅಕ್ಯುಪಂಕ್ಚರ್ ವಿರೋಧಿ ಅಂದುಕೊಳ್ಳಬಾರದು. ಈಗ ನನ್ನ ಕತ್ತು ತಿರುಗುತ್ತಿರುವುದರಲ್ಲಿ ಸೂಜಿಯ ಪಾಲೂ ಇದೆ ಅಂತ ನನ್ನ ನಂಬಿಕೆ. ಅದು ಎರಡನೇ ಜಾಗದ ಕಥೆ.

ಮಗಳು ಜಿಲ್ಲಾ ಕೇಂದ್ರದ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಅವರು ಬಿ.ಎನ್.ವೈ.ಎಸ್. ಓದಿದವರು, ಅಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ಆ ಓದಿನಲ್ಲಿ ಅಕ್ಯುಪಂಕ್ಚರ್ ಕೂಡ ಬರುತ್ತದಂತೆ. ನಾನು ಬರುವುದಿಲ್ಲ ಅಂತ ಬಸ್ ಸ್ಟ್ಯಾಂಡಿನವರೆಗೂ ಜಗಳ ಆಡಿದ್ದೆ. ಹೋದ ಮೇಲೆ ಅವರು ಮೊದಲ ಇಪ್ಪತ್ತು ನಿಮಿಷ ಸೂಜಿ ಮುಟ್ಟಲೇ ಇಲ್ಲ. ಎಕ್ಸ್-ರೇ ನೋಡಿದರು. ಕೈ ಜೋಮು ಹಿಡಿಯುತ್ತಾ, ಹಿಡಿದ ವಸ್ತು ಜಾರುತ್ತಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ ಅಂತ ಕೇಳಿದರು. ಇದೆಲ್ಲ ಇದ್ದರೆ ಮೊದಲು ದೊಡ್ಡ ಆಸ್ಪತ್ರೆಗೆ ಹೋಗಬೇಕು, ಸೂಜಿ ಹಾಕಿಸಿಕೊಂಡು ಕಾಲ ಕಳೆಯಬಾರದು ಅಂದರು. ರಕ್ತ ತೆಳು ಮಾಡುವ ಮಾತ್ರೆ, ರಕ್ತ ನಿಲ್ಲದ ಕಾಯಿಲೆ, ಫಿಟ್ಸ್, ಹೃದಯದಲ್ಲಿ ಪೇಸ್‌ಮೇಕರ್, ಎಲ್ಲ ಒಂದೊಂದಾಗಿ ಕೇಳಿದರು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ಚಿಕಿತ್ಸೆ ಮಾಡಬಾರದಂತೆ. ಬಸುರಿಯರಿಗೆ ಕೆಲವು ಜಾಗದಲ್ಲಿ ಸೂಜಿ ಹಾಕುವುದಿಲ್ಲವಂತೆ. “ನನಗೆ 52, ಡಾಕ್ಟ್ರೇ” ಅಂದೆ. “ಆದರೂ ಕೇಳೋದು ನನ್ನ ಕೆಲಸ” ಅಂದು ನಕ್ಕರು.

ಮಂಚದ ಮೇಲೆ ಮಲಗಿಸಿದರು. ಮೊದಲ ಸಲ ಯಾವಾಗಲೂ ಮಲಗಿಸಿಯೇ ಹಾಕಬೇಕು, ಕೂರಿಸಿದರೆ ಕೆಲವರಿಗೆ ತಲೆ ಸುತ್ತುತ್ತದೆ, ಖಾಲಿ ಹೊಟ್ಟೆಯಲ್ಲಿ ಬಂದರೆ ಇನ್ನೂ ಜಾಸ್ತಿ ಅಂದರು. ಅಕಸ್ಮಾತ್ ತಲೆ ಸುತ್ತಿದರೆ ಮೊದಲು ಸೂಜಿ ತೆಗೆದು, ಕಾಲು ಸ್ವಲ್ಪ ಎತ್ತರದಲ್ಲಿ ಇಡಬೇಕಂತೆ. ನನಗೆ ಆ ಪ್ಲಾಸ್ಟಿಕ್ ಕುರ್ಚಿ ಕಣ್ಣಮುಂದೆ ಬಂತು.

ಸೀಲ್ ಆದ ಪ್ಯಾಕೆಟ್ಟನ್ನು ನನ್ನ ಕೈಗೇ ಕೊಟ್ಟು, ತಾರೀಖು ನೋಡಿ ಅಂದರು. ನನ್ನೆದುರೇ ಹರಿದರು. ಆ ಸೂಜಿ ಎಷ್ಟು ತೆಳ್ಳಗೆ ಅಂದರೆ, ನನ್ನ ಹೊಲಿಗೆ ಮೆಷಿನ್ನಿನ 16ನೇ ನಂಬರ್ ಸೂಜಿ ಒಂದು ಮಿಲಿಮೀಟರ್ ದಪ್ಪ, ಇದು ಅದರ ಕಾಲು ಭಾಗ. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳೂ ಇಲ್ಲ. ಹೊಸ ಸೂಜಿ ಚರ್ಮ ಹೊಕ್ಕಿದ್ದೇ ಗೊತ್ತಾಗಲಿಲ್ಲ. ಆಮೇಲೆ ಒಳಗೆ ಒಂಥರಾ ಭಾರ, ಸೆಳೆತ, ಸಣ್ಣ ಜೋಮು. ಇದು ಸಹಜ, ಆದರೆ ಕರೆಂಟ್ ಹೊಡೆದ ಹಾಗೆ ಆದರೆ, ಚುರ್ ಅಂತ ಉರಿದರೆ ತಕ್ಷಣ ಹೇಳಿ ಅಂದರು. ಹೆಗಲ ಮೇಲೆ ಹಾಕುವಾಗ ಬಹಳ ನಾಜೂಕಾಗಿ, ಓರೆಯಾಗಿ ಹಾಕಿದರು. ಯಾಕೆ ಅಂತ ಕೇಳಿದೆ. ಆ ಜಾಗದ ಕೆಳಗೇ ಶ್ವಾಸಕೋಶದ ತುದಿ ಇರುತ್ತದೆ, ಆಳಕ್ಕೆ ಹೋದರೆ ಅದಕ್ಕೆ ತೂತು ಬೀಳಬಹುದು ಅಂದರು. ತೀರಾ ಅಪರೂಪವಂತೆ. ಆದರೆ ಮನೆಗೆ ಹೋದ ಮೇಲೆ ಎದೆ ನೋವು ಬಂದರೆ, ಉಸಿರು ಕಟ್ಟಿದರೆ, ನಾಳೆ ನೋಡೋಣ ಅನ್ನದೆ ನೇರ ಆಸ್ಪತ್ರೆಗೆ ಹೋಗಿ ಅಂತ ಎರಡು ಸಲ ಹೇಳಿದರು. ಆರು ದಿನ ಕಲಿತವರು ನನ್ನ ಇದೇ ಹೆಗಲಿಗೆ ನೆಟ್ಟಗೆ ಚುಚ್ಚಿದ್ದರು, ಸ್ವಾಮಿ.

ಕೊನೆಗೆ ಸೂಜಿ ತೆಗೆದು ಎಣಿಸಿದರು. ಹತ್ತು ಹಾಕಿದ್ದು, ಹತ್ತು ಬಂತು. ಚುಚ್ಚಿ ಆಚೆ ಬರದಂಥ ಗಟ್ಟಿ ಬಿಳಿ ಡಬ್ಬಿಯಲ್ಲಿ ಹಾಕಿದರು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಹೀಗೇ ಮಾಡಬೇಕು ಅಂತ ಇದೆ ಎಂದು ಮಗಳು ಹೇಳಿದಳು. ಇವತ್ತು ನಿದ್ದೆ ಬರಬಹುದು, ಚುಚ್ಚಿದ ಕಡೆ ಸಣ್ಣ ಕಲೆ ಆಗಬಹುದು, ಗಾಡಿ ಓಡಿಸುವವರಾದರೆ ಸ್ವಲ್ಪ ಹೊತ್ತು ಕೂತು ಹೋಗಿ ಅಂದರು. ದುಡ್ಡು ಆ ದಿನದ್ದು ಮಾತ್ರ, ರಸೀದಿ ಕೊಟ್ಟರು. ಆರು ಸಲ ಆದ ಮೇಲೆಯೂ ಏನೂ ಗುಣ ಕಾಣದಿದ್ದರೆ ನಿಲ್ಲಿಸೋಣ ಅಂದರು. ನಿಲ್ಲಿಸೋಣ ಅನ್ನುವ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು.

ಗುಣ ಎಷ್ಟು ಅಂತಲೂ ಅವರು ಮುಚ್ಚಿಡಲಿಲ್ಲ. ಕೆಲವು ಬಗೆಯ ಹಳೇ ನೋವು, ಆಪರೇಶನ್ ಅಥವಾ ಕ್ಯಾನ್ಸರ್ ಔಷಧಿ ಆದ ಮೇಲಿನ ವಾಂತಿ, ಇಂಥವುಗಳಿಗೆ ಉಪಯೋಗ ಕಂಡಿದೆ, ಶುಗರ್ ಬಿಡಿಸುವ ಸೂಜಿ ಯಾವುದೂ ಇಲ್ಲ ಅಂದರು. ಮನೆಗೆ ಬಂದ ಮೇಲೆ ಮಗಳು ಒಂದು ಜರ್ಮನ್ ಪರೀಕ್ಷೆಯ ವಿಷಯ ಓದಿ ಹೇಳಿದಳು. 2007ರಲ್ಲಿ ಪ್ರಕಟವಾದದ್ದು. ಬಹಳ ಕಾಲದಿಂದ ಸೊಂಟ ನೋವಿದ್ದ 1,162 ಜನರನ್ನು ಮೂರು ಗುಂಪು ಮಾಡಿದ್ದರು. ಆರು ತಿಂಗಳ ನಂತರ ನೋಡಿದಾಗ, ಈ ಚಿಕಿತ್ಸೆಯಲ್ಲಿ ಸೂಜಿ ಹಾಕಲೆಂದೇ ಗುರುತಿಸಿದ ಜಾಗಗಳಿಗೆ, ಅಂದರೆ ಬಿಂದುಗಳಿಗೆ, ಸೂಜಿ ಹಾಕಿಸಿಕೊಂಡವರಲ್ಲಿ 100ಕ್ಕೆ ಸುಮಾರು 48 ಜನರಿಗೆ ಗುಣ ಕಂಡಿತ್ತು. ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆಯವರಲ್ಲಿ 27 ಜನರಿಗೆ. ಆದರೆ ಬಿಂದುವಲ್ಲದ ಕಡೆ ಸುಮ್ನೆ ಮೇಲೆಮೇಲೆ ಸೂಜಿ ಹಾಕಿಸಿಕೊಂಡವರಲ್ಲೂ 44 ಜನರಿಗೆ ಗುಣ! ಅಂದರೆ ಎಲ್ಲಿ ಚುಚ್ಚಿದರು ಅನ್ನುವುದಕ್ಕಿಂತ, ಒಬ್ಬರು ಹತ್ತಿರ ಕೂತು, ಕೇಳಿ, ಮುಟ್ಟಿ ಉಪಚರಿಸಿದ್ದರಲ್ಲೂ ಗುಣ ಇರಬಹುದು. ನನಗೆ ಇದರಿಂದ ಬೇಜಾರೇನೂ ಆಗಲಿಲ್ಲ. ನೋವು ಇಳಿದರೆ ಸಾಕು. ಆದರೆ ಇದನ್ನು ರೋಗಿಗೆ ಮೊದಲೇ ಹೇಳಬೇಕು, ಅಲ್ವಾ? ‘ಎಲ್ಲ ಕಾಯಿಲೆಗೂ ಪರಿಹಾರ’ ಅಂತ ಬೋರ್ಡ್ ಹಾಕುವುದು ಯಾವ ನ್ಯಾಯ?

ಈಗ ನನ್ನ ಬೇಡಿಕೆಗೆ ಬರುತ್ತೇನೆ.

ಎಲ್ಲಕ್ಕಿಂತ ಮೊದಲು ನನಗೆ ಬೇಕಾಗಿರುವುದು ಒಂದು ಹಾಳೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಒಂದೇ ಒಂದು ಹಾಳೆ. ಸೂಜಿ ಹಾಕುವ ಪ್ರತಿಯೊಂದು ಕಡೆಯಲ್ಲೂ ಮೊದಲ ಸಲ ಬಂದ ರೋಗಿಗೆ ಅದನ್ನು ಓದಲು ಕೊಡಬೇಕು, ಓದು ಬಾರದವರಿಗೆ ಓದಿ ಹೇಳಬೇಕು. ಲೇಡಿ ಡಾಕ್ಟರ್ ನನಗೆ ಹೇಳಿದ್ದೆಲ್ಲ ಅದರಲ್ಲಿ ಇರಲಿ. ತಿಂಡಿ ತಿಂದು ಬನ್ನಿ. ನಿಮ್ಮ ಮಾತ್ರೆಗಳ ಹೆಸರು ಹೇಳಿ. ಮಾತ್ರೆ ನಿಲ್ಲಿಸಿ ಅಂದರೆ, ಆ ಮಾತ್ರೆ ಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಪ್ಯಾಕೆಟ್ ನಿಮ್ಮೆದುರು ಹರಿಯಲಿ. ಎಷ್ಟು ಹಾಕಿದರು, ಎಷ್ಟು ತೆಗೆದರು, ನೀವೂ ಎಣಿಸಿ. ಉಸಿರು ಕಟ್ಟಿದರೆ ಆಸ್ಪತ್ರೆಗೆ ಓಡಿ. ಇಷ್ಟೇ. ಲಸಿಕೆಗೆ, ಡೆಂಗಿಗೆ ಇಲಾಖೆ ಎಷ್ಟು ಚೆಂದದ ಕರಪತ್ರ ಮಾಡುತ್ತದೆ. ಇದು ಅದಕ್ಕಿಂತ ಸಣ್ಣ ಕೆಲಸ.

ಎರಡನೆಯದು, ಸೂಜಿ ಹಾಕಲು ಯಾರಿಗೆ ಹಕ್ಕಿದೆ ಅನ್ನುವುದನ್ನು ನಮಗೆ ಅರ್ಥವಾಗುವ ಹಾಗೆ ಸಾರಿ ಹೇಳಿ. ಕೇಂದ್ರ ಸರ್ಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನ ಅಂತ ಒಪ್ಪಿತು. 2019ರಲ್ಲಿ ಅದನ್ನೇ ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಗುರುತಿಸಿತು. ಒಪ್ಪಿದ್ದು ಸರಿ, ಆದರೆ ಮೊಬೈಲ್ ಅಂಗಡಿ ಮೇಲೆ ಕೂತವರನ್ನು ಜರಡಿ ಹಿಡಿಯುವವರು ಯಾರು? ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೆ ಪ್ರತ್ಯೇಕ ಕಾನೂನು ಮಾಡಿತು. ಪಕ್ಕದ ಮಹಾರಾಷ್ಟ್ರದಲ್ಲೂ ಕಾನೂನಿದೆ, ಕೌನ್ಸಿಲ್ ಇದೆ. ಬಂಗಾಳಕ್ಕೆ ಇದರ ಮೇಲೆ ಮೊದಲಿನಿಂದ ಅಕ್ಕರೆ ಇರುವುದಕ್ಕೆ ಕಾರಣವೂ ಇದೆ. 1938ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆ ನಮ್ಮ ದೇಶದಿಂದ ಐದು ಜನ ಡಾಕ್ಟರು ಚೀನಾಕ್ಕೆ ಹೋದರಲ್ಲ, ಅದರಲ್ಲಿ ನಮ್ಮ ಗಡಿಯಾಚೆ ಸೊಲ್ಲಾಪುರದ ಡಾ. ಕೋಟ್ನಿಸ್ ಒಬ್ಬರು, ಕಲ್ಕತ್ತಾದ ಡಾ. ಬಿಜಯ್ ಕುಮಾರ್ ಬಸು ಇನ್ನೊಬ್ಬರು. ಕೋಟ್ನಿಸ್ ಅಲ್ಲೇ ತೀರಿಕೊಂಡರು. ಬಸು ಆಮೇಲೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದು, 1959ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದರು. ಮೊದಲೇ ಪೂರ್ತಿ ಡಾಕ್ಟರಾಗಿದ್ದವರು ಅವರು. ಅಂಥವರು ದೇಶ ದಾಟಿ ಹೋಗಿ ಕಲಿತು ತಂದದ್ದನ್ನು ಇಲ್ಲಿ ಆರು ದಿನಕ್ಕೆ ಇಳಿಸಿದ್ದಾರೆ.

ಮೂರನೆಯದು ದೂರಿನ ದಾರಿ. ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಕೆ.ಪಿ.ಎಂ.ಇ. ಅಂತಾರಲ್ಲ, ಅದೇ. ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವೂ ಇದೆ ಅಂತ ನನಗೆ ಗೊತ್ತಾಗಿದ್ದು ಮೂರು ಕಚೇರಿ ಸುತ್ತಿದ ಮೇಲೆ, ಅದೂ ನನ್ನ ಹತ್ತಿರ ರವಿಕೆ ಹೊಲಿಸುವ ಒಬ್ಬ ಲಾಯರಮ್ಮನಿಂದ. 2024ರಲ್ಲಿ ಇಲಾಖೆ ಒಂದು ಒಳ್ಳೆ ಕೆಲಸ ಮಾಡಿತು. ನಕಲಿ ಡಾಕ್ಟರುಗಳನ್ನು ಜನ ಗುರುತಿಸಲಿ ಅಂತ, ನೋಂದಣಿ ಸಂಖ್ಯೆ ಇರುವ ಫಲಕ ಹಾಕಬೇಕು, ಅಲೋಪತಿಯವರಿಗೆ ತಿಳಿ ನೀಲಿ, ಆಯುರ್ವೇದದವರಿಗೆ ಹಸಿರು ಅಂದಿತು. ಹಾಗಾದರೆ ಸೂಜಿಯವರ ಬಣ್ಣ ಯಾವುದು ಸ್ವಾಮಿ? ನಾನು ನೋಡಿದ ಹಳದಿ ಬೋರ್ಡಿನಲ್ಲಿ ಯಾವ ಸಂಖ್ಯೆಯೂ ಇರಲಿಲ್ಲ. ಯಾವ ಬಣ್ಣವಾದರೂ ಇರಲಿ, ಸಂಖ್ಯೆಯ ಕೆಳಗೆ ದೂರು ಕೊಡುವ ಕಚೇರಿಯ ಫೋನ್ ನಂಬರ್ ಹಾಕಿಸಿ. ಫೋನ್ ಎತ್ತಿದವರು “ಇದು ನಮ್ಮದಲ್ಲ” ಅನ್ನದ ಹಾಗೆ ನೋಡಿಕೊಳ್ಳಿ.

ಇನ್ನು ಮುಂಗಡ ದುಡ್ಡಿನ ವಿಷಯ. ಮೊದಲ ಸಿಟ್ಟಿಂಗ್ ಆಗುವ ಮುಂಚೆಯೇ 15ರ ದುಡ್ಡು ಕಿತ್ತುಕೊಳ್ಳುವುದನ್ನು ನಿಲ್ಲಿಸಿ. ನಾನು ಕೂಡ ಹೊಲಿಗೆಗೆ ಅಡ್ವಾನ್ಸ್ ತಗೊಳ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಒಂದು ರವಿಕೆಗೆ ಒಂದರ ಅಡ್ವಾನ್ಸ್. ಅಳತೆ ತೆಗೆಯುವ ಮುಂಚೆಯೇ 15 ರವಿಕೆಯ ದುಡ್ಡು ಕೇಳಿದರೆ ನನ್ನ ಗಿರಾಕಿಗಳು ಕತ್ತರಿ ಕಿತ್ತುಕೊಂಡು ಹೊಡೆಯುತ್ತಾರೆ. ನನ್ನ 6,000 ಹೋಯಿತು, ಅದನ್ನು ತಾವು ಕೊಡಿಸಬೇಕಿಲ್ಲ. ಮುಂದಿನವರದ್ದು ಉಳಿಸಿ.

ಆ ಸೆಂಟರ್ ಈಗಲೂ ನಡೆಯುತ್ತಿದೆ. ಅದರ ಹೆಸರನ್ನು ಈ ಪತ್ರದಲ್ಲಿ ನಾನು ಬರೆದಿಲ್ಲ, ಬಹಿರಂಗ ಪತ್ರದಲ್ಲಿ ಬರೆಯುವುದು ಸರಿಯಲ್ಲ ಅಂತ ಲಾಯರಮ್ಮ ಹೇಳಿದರು. ನನ್ನ ಕತ್ತಿನಿಂದ ಮಗಳು ತೆಗೆದ ಸೂಜಿ ಮಾತ್ರ ನನ್ನ ಹತ್ತಿರ ಇದೆ. ಮುಚ್ಚಳ ಬಿಗಿಯಾದ ಔಷಧಿ ಬಾಟಲಿಯಲ್ಲಿ ಹಾಕಿ, ಮೇಲೆ ತಾರೀಖು ಬರೆದು ಅಂಟಿಸಿ, ಅಂಗಡಿಯಲ್ಲಿ ಬಾಬಿನ್ ಡಬ್ಬಿಯ ಹಿಂದೆ ಇಟ್ಟಿದ್ದಾಳೆ. ತಮ್ಮ ಇಲಾಖೆಯವರು ಯಾರಾದರೂ ಬಂದರೆ ಅದನ್ನೂ, ಸೆಂಟರಿನ ವಿಳಾಸವನ್ನೂ, ನನ್ನ ಫೋನ್‌ನಲ್ಲಿರುವ 6,000 ರೂಪಾಯಿಯ ಲೆಕ್ಕವನ್ನೂ ಅವರ ಕೈಗೇ ಕೊಡುತ್ತೇನೆ. ಸೋಮವಾರ ಅಂಗಡಿಗೆ ರಜಾ. ಉಳಿದ ದಿನ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟೈಲರಮ್ಮ